ಸಂಪಿನೊಳಗೊಂದು ಆನೆ

ನಮ್ಮ ಮನೆಯ ಸಂಪಿನಲ್ಲಿ ಒಂದು ಆನೆ ಮಲಗಿದೆ. ಬೆಂಗಳೂರಿನ ವಿಜಯನಗರದ ಥರ್ಟಿ-ಫಾರ್ಟಿ ಸೈಟು. ಗೇಟು ತೆಗೆದರೆ ಎರಡು ಸ್ಕೂಟರು, ಸ್ಕೂಟರಿನ ಕೆಳಗೆ ಕಬ್ಬಿಣದ ಮುಚ್ಚಳ, ಮುಚ್ಚಳದ ಕೆಳಗೆ 5,000 ಲೀಟರ್ ಕಾವೇರಿ ನೀರು. ಲೀಟರಿಗೆ ಒಂದು ಕಿಲೋ ಎಂದರೆ ಐದು ಟನ್. ದಸರೆಗೆ ಮುಂಚೆ ಮೈಸೂರಿನಲ್ಲಿ ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಾರಲ್ಲ, ಅಲ್ಲಿ ಅಂಬಾರಿ ಹೊತ್ತ ಅಭಿಮನ್ಯು ತೂಗಿದ್ದೂ ಐದು ಟನ್ನಿನ ಆಸುಪಾಸಿನಲ್ಲೇ. ನಾವು ದಿನಾ ಬೆಳಗ್ಗೆ ರಂಗೋಲಿ ಹಾಕುವುದು ಒಂದು ದಸರಾ ಆನೆಯ ನೆತ್ತಿಯ ಮೇಲೆ. ಪಕ್ಕದ ಮನೆಯವರದು 8,000 ಲೀಟರಿನ ಸಂಪು. ಅಲ್ಲಿ ಆನೆಯ ಜೊತೆಗೆ ಅದರ ಮರಿಯೂ ಇದೆ.

ಈ ಆನೆ ಲೆಕ್ಕವನ್ನು ಬೀದಿಯಿಂದ ಊರಿಗೆ ಹಿಗ್ಗಿಸಿದ ದಿನ ನನಗೆ ನಿದ್ದೆ ಬರಲಿಲ್ಲ. 2024ರ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ, ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಶುರುವಾಯಿತು. ಜಲಮಂಡಳಿಯವರ ಬಾಯಲ್ಲಿ ಆ ಊರು ಟಿ.ಕೆ. ಹಳ್ಳಿ. ಮೊದಲ ನಾಲ್ಕು ಹಂತಗಳದು ದಿನಕ್ಕೆ 145 ಕೋಟಿ ಲೀಟರ್, ಐದನೆಯದು 77.5 ಕೋಟಿ. ಕೂಡಿಸಿದರೆ ದಿನಕ್ಕೆ 222.5 ಕೋಟಿ ಲೀಟರ್ ಸಾಮರ್ಥ್ಯ. ಎಲ್ಲ ಪಂಪೂ ತಿರುಗಿ, ಎಲ್ಲ ಪೈಪೂ ತುಂಬಿದ ದಿನದ ಲೆಕ್ಕ ಇದು. ನನ್ನ ಮುಂದಿನ ಲೆಕ್ಕಗಳೂ ಈ ಹೊಟ್ಟೆ ತುಂಬಿದ ದಿನದವೇ. 222.5 ಕೋಟಿ ಲೀಟರ್ ಅಂದರೆ 22 ಲಕ್ಷದ 25 ಸಾವಿರ ಟನ್. ಅಂದರೆ 4 ಲಕ್ಷದ 45 ಸಾವಿರ ಆನೆ. ದಿನಕ್ಕೆ!

2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಸಿಕ್ಕ ಆನೆಗಳು 6,395. ದೇಶದಲ್ಲೇ ನಾವು ಮೊದಲು ಎಂದು ಬೀಗಿದ್ದೆವು. ಮರಿ, ಮುದುಕಿ, ಸಲಗ ಎನ್ನದೆ ಅಷ್ಟನ್ನೂ ಐದೈದು ಟನ್ನೆಂದು ಹಿಡಿದು ಟಿ.ಕೆ. ಹಳ್ಳಿಯ ಪೈಪಿಗೆ ಬಿಟ್ಟರೆ, ಬೆಂಗಳೂರು ಅವನ್ನು ಕುಡಿದು ಮುಗಿಸಲು ಬೇಕಾಗುವ ಸಮಯ ಇಪ್ಪತ್ತೊಂದು ನಿಮಿಷ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಭದ್ರಾ ಎಲ್ಲವೂ ಒಂದು ಕಾಫಿ ಬ್ರೇಕಿಗೆ ಖಾಲಿ. ಸೆಕೆಂಡಿನ ಲೆಕ್ಕ ಹಾಕಿದರೆ ಈ ಊರಿಗೆ ಬರುವುದು ಸೆಕೆಂಡಿಗೆ ಐದು ಆನೆ. ಒಂದು ಸಲ ಸೀನಿದರೆ ಐದು ಆನೆ. ವಿಜಯನಗರ ಮೆಟ್ರೊ ನಿಲ್ದಾಣದಲ್ಲಿ ರೈಲಿನ ಬಾಗಿಲು ತೆರೆದು ಮುಚ್ಚುವ ಅರ್ಧ ನಿಮಿಷಕ್ಕೆ ನೂರೈವತ್ತು ಆನೆ.

ಆನೆ ಕಂಡವರಿಗಿಂತ ಕೊಡ ಹೊತ್ತವರು ಹೆಚ್ಚು. ಹಾಗಾಗಿ ಕೊಡದಲ್ಲೇ ಅಳೆಯೋಣ. ಬೀದಿ ನಲ್ಲಿಯ ಮುಂದೆ ಸಾಲಾಗಿ ಕೂರುತ್ತಿದ್ದ ಹಸಿರು, ಕೇಸರಿ, ನೀಲಿ ಪ್ಲಾಸ್ಟಿಕ್ ಕೊಡಗಳು ನೆನಪಿವೆಯಲ್ಲ? ಒಂದಕ್ಕೆ ಹದಿನೈದು ಲೀಟರ್ ಎಂದು ಹಿಡಿಯಿರಿ. ಊರಿನ ಒಂದು ದಿನದ ನೀರಿಗೆ 14 ಕೋಟಿ 83 ಲಕ್ಷ ಕೊಡ ಬೇಕು. ಕೊಡದ ಹೊಟ್ಟೆ 30 ಸೆಂಟಿಮೀಟರ್ ಅಗಲ. ಒಂದಕ್ಕೊಂದು ತಾಗಿಸಿ ಸಾಲು ಇಟ್ಟರೆ ಸಾಲಿನ ಉದ್ದ 44,500 ಕಿಲೋಮೀಟರ್. ಭೂಮಿಯ ಸುತ್ತಳತೆ 40,075. ಬೆಂಗಳೂರಿನ ನಲ್ಲಿ ಸಾಲು ದಿನಕ್ಕೊಮ್ಮೆ ಸಮಭಾಜಕ ವೃತ್ತಕ್ಕೆ ಪೂರ್ತಿ ಒಂದು ಸುತ್ತು ಬಂದು, ಉಳಿದ 4,400 ಕಿಲೋಮೀಟರಿನಲ್ಲಿ ಕನ್ಯಾಕುಮಾರಿಯಿಂದ ಶ್ರೀನಗರವನ್ನೂ ಮುಟ್ಟುತ್ತದೆ. ಆ ಸಾಲಿನಲ್ಲಿ ಮಧ್ಯೆ ಕೊಡ ತೂರಿಸಿದವರ ಜೊತೆ ಜಗಳವಾಡಲು ಹೊರಟರೆ ಪಾಸ್‌ಪೋರ್ಟ್ ಬೇಕಾಗುತ್ತದೆ.

ಆ ಸಾಲನ್ನು ಮೇಲಕ್ಕೆ ನಿಲ್ಲಿಸಿದರೆ? ಚಂದ್ರ 3 ಲಕ್ಷ 84 ಸಾವಿರ ಕಿಲೋಮೀಟರ್ ದೂರ. ಇಂದು ಪಾಡ್ಯಕ್ಕೆ ಜೋಡಿಸಲು ಶುರು ಮಾಡಿದರೆ ನವಮಿಯ ಹೊತ್ತಿಗೆ ಕೊಡ ಚಂದ್ರನಿಗೆ ತಾಗುತ್ತದೆ. ಸೂರ್ಯನವರೆಗೆ ಒಂಬತ್ತು ವರ್ಷ, ಮೇಲೆ ಎರಡೂವರೆ ತಿಂಗಳು. ಮನೆ ಸಾಲ ಅದಕ್ಕಿಂತ ನಿಧಾನವಾಗಿ ತೀರುತ್ತದೆ.

ಕೊಡ ಬೇಡ, ಟ್ಯಾಂಕರ್ ತರಿಸೋಣ ಎನ್ನುವವರೂ ಇದ್ದಾರೆ. 12,000 ಲೀಟರಿನ ಟ್ಯಾಂಕರಾದರೆ ದಿನಕ್ಕೆ 1 ಲಕ್ಷ 85 ಸಾವಿರ ಬೇಕು. ಒಂದೊಂದು ಎಂಟು ಮೀಟರ್ ಉದ್ದವೆಂದು ಮೂತಿಗೆ ಬಾಲ ತಾಗಿಸಿ ನಿಲ್ಲಿಸಿದರೆ ಮೊದಲ ಟ್ಯಾಂಕರ್ ಯಶವಂತಪುರದಲ್ಲಿರುವಾಗ ಕೊನೆಯದು ಹುಬ್ಬಳ್ಳಿ, ಪುಣೆ, ಮುಂಬೈ ದಾಟಿ ಅಹಮದಾಬಾದಿನ ಹತ್ತಿರ ಇರುತ್ತದೆ. ಮಾಗಡಿ ರಸ್ತೆಯ ಸಂಜೆ ಆರು ಗಂಟೆಯ ಟ್ರಾಫಿಕ್ಕನ್ನು ಇನ್ನು ಮೇಲೆ ಯಾರೂ ಬೈಯಬಾರದು.

ಮಳೆಗಾಲದಲ್ಲಿ ಬೆಂಗಳೂರಿನವರು ಪತ್ರಿಕೆ ತೆಗೆದು ಮೊದಲು ನೋಡುವುದು ಕೆಆರ್‌ಎಸ್‌ನ ಅಡಿಗಳನ್ನು. 124.80 ಅಡಿ ತುಂಬಿದರೆ ಅದರ ಹೊಟ್ಟೆಯಲ್ಲಿ ಸುಮಾರು 49 ಟಿಎಂಸಿ. ಒಂದು ಟಿಎಂಸಿಗೆ 2,832 ಕೋಟಿ ಲೀಟರ್. ಅಷ್ಟನ್ನು ಈ ಊರು ಹದಿಮೂರು ದಿನವೂ ಇಟ್ಟುಕೊಳ್ಳುವುದಿಲ್ಲ. ವರ್ಷಕ್ಕೆ ಸುಮಾರು 28.7 ಟಿಎಂಸಿ, ಅಂದರೆ ತುಂಬಿದ ಕೆಆರ್‌ಎಸ್‌ನ ಅರ್ಧಕ್ಕಿಂತ ಹೆಚ್ಚು. ಒಂದೇ ಊರಿಗೆ, ಅದೂ ನದಿ ದಂಡೆಯಲ್ಲಿಲ್ಲದ ಊರಿಗೆ.

ನದಿಯ ಪಕ್ಕ ಇದ್ದಿದ್ದರೆ ಇಷ್ಟು ಬೆರಗು ಇರುತ್ತಿರಲಿಲ್ಲ. ಕಾವೇರಿ ಇರುವುದು ನೂರು ಕಿಲೋಮೀಟರ್ ಆಚೆ, ಅದೂ ತಗ್ಗಿನಲ್ಲಿ. ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲಿನ ಪಂಪುಗಳು ಏರು, ಪೈಪಿನೊಳಗಿನ ತಿಕ್ಕಾಟ ಎಲ್ಲ ಸೇರಿ ನೀರನ್ನು ಸುಮಾರು 500 ಮೀಟರ್ ನೆಟ್ಟಗೆ ಎತ್ತುವಷ್ಟು ಶಕ್ತಿಯಿಂದ ತಳ್ಳುತ್ತವೆ. ಜೋಗದ ರಾಜ ಬೀಳುವುದು 253 ಮೀಟರ್. ಒಂದರ ಮೇಲೊಂದು ಎರಡು ಜೋಗ ಇಟ್ಟು, ಎರಡನ್ನೂ ತಲೆಕೆಳಗು ಮಾಡಿ, ನೀರು ಕೆಳಗಿನಿಂದ ಮೇಲಕ್ಕೆ ಬೀಳುವಂತೆ ಮಾಡಿದರೆ ಅದು ಬೆಂಗಳೂರಿನ ಕಾವೇರಿ ಯೋಜನೆ. ಜೋಗಕ್ಕಾದರೂ ಬೇಸಗೆಯಲ್ಲಿ ಬಿಡುವುಂಟು. ನಮ್ಮ ಈ ತಲೆಕೆಳಗಿನ ಜೋಗ ಯುಗಾದಿಗೂ ಧುಮ್ಮಿಕ್ಕಬೇಕು. ಧುಮ್ಮಿಕ್ಕುವುದೋ, ಧುಮ್ಮೇರುವುದೋ!

ಒಂದು ಮನೆಯ ಮಟ್ಟಿಗೆ ಇದನ್ನು ಸೊಂಟದ ಮೇಲೆ ಹೊರಿಸಿ ನೋಡೋಣ. ನಗರದವರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಅಂದರೆ ಒಂಬತ್ತು ಕೊಡ. ನಾಲ್ಕು ಜನರ ಮನೆಗೆ ಮೂವತ್ತಾರು. 500 ಮೀಟರ್ ಎಂದರೆ ಸುಮಾರು 165 ಮಹಡಿ. ಲಿಫ್ಟಿಲ್ಲದ 165 ಮಹಡಿಯ ಕಟ್ಟಡಕ್ಕೆ, ತುಂಬಿದ ಕೊಡ ಹೊತ್ತು, ಬೆಳಗಿನಿಂದ ರಾತ್ರಿಯೊಳಗೆ ಮೂವತ್ತಾರು ಸಲ ಹತ್ತಬೇಕು. ಒಟ್ಟು ಏರು 18 ಕಿಲೋಮೀಟರ್. ಎವರೆಸ್ಟ್ ಎರಡು ಸಲ ಹತ್ತಿದರೂ ಮೇಲೆ ಇನ್ನೂ ಮುನ್ನೂರು ಮೀಟರ್ ಉಳಿಯುತ್ತದೆ. ರಾಜಾಜಿನಗರದ, ಬಸವೇಶ್ವರನಗರದ ಪ್ರತಿ ಮನೆಯ ಬಾಬತ್ತು ಹೀಗೆ ದಿನಕ್ಕೆರಡು ಎವರೆಸ್ಟ್, ಹಬ್ಬದ ದಿನವೂ ಸೇರಿ. ಮಕ್ಕಳು ಶವರ್ ಕೆಳಗೆ ಹಾಡು ಹೇಳುತ್ತ ನಿಂತಾಗ ಯಾರೋ ಒಬ್ಬ ಶೆರ್ಪಾ ಏದುಸಿರು ಬಿಡುತ್ತಿರುತ್ತಾನೆ.

ಆ ಶೆರ್ಪಾ ಕರೆಂಟು. ಒಂದಿಷ್ಟೂ ಪೋಲಾಗದ ಆದರ್ಶ ಪಂಪು ಇಟ್ಟರೂ ದಿನದ ನೀರನ್ನು ಎತ್ತಲು 30 ಲಕ್ಷ ಯೂನಿಟ್ ಬೇಕು. ಗೃಹಜ್ಯೋತಿಯಲ್ಲಿ ಮನೆಗೆ ತಿಂಗಳಿಗೆ ಗರಿಷ್ಠ 200 ಯೂನಿಟ್ ಉಚಿತ. ಹದಿನೈದು ಸಾವಿರ ಮನೆಗಳ ಇಡೀ ತಿಂಗಳ ಉಚಿತ ಕರೆಂಟನ್ನು ಈ ಪಂಪುಗಳು ಒಂದೇ ದಿನದಲ್ಲಿ ನುಂಗುತ್ತವೆ. ನಿಜವಾದ ಪಂಪಿಗೆ ಇನ್ನೂ ಹಸಿವು ಹೆಚ್ಚು. ಇದರಲ್ಲೊಂದು ತಮಾಷೆಯಿದೆ. ಇದೇ ನೀರು ಹೊರಡುವ ಶಿವನಸಮುದ್ರದ ಬಳಿ ಕಾವೇರಿ ನೂರು ಮೀಟರಿಗೂ ಕಡಿಮೆ ಧುಮುಕುತ್ತದೆ. 1902ರಲ್ಲಿ ಆ ಧುಮುಕಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು, 1905ರಲ್ಲಿ ಬೆಂಗಳೂರಿಗೆ ದೀಪ ಹಚ್ಚಿದರು. ನದಿ ಬಿದ್ದು ಬೆಳಕು ಕೊಟ್ಟ ಊರಿಗೆ ಈಗ ನದಿಯನ್ನೇ ಐದು ಪಟ್ಟು ಎತ್ತಿ ಕೊಡುತ್ತಿದ್ದೇವೆ.

ಐದನೇ ಹಂತದ ಪೈಪು ಮೂರು ಮೀಟರ್ ವ್ಯಾಸದ್ದು. ಬೆಳೆದ ಗಂಡಾನೆಯ ಎತ್ತರ ಮೂರು ಮೀಟರಿಗೆ ಸ್ವಲ್ಪ ಕಡಿಮೆ. ಅಂಬಾರಿ ಇಳಿಸಿದರೆ ಸಾಕು, ದಸರಾ ಆನೆ ಮಳವಳ್ಳಿಯಲ್ಲಿ ಪೈಪು ಹೊಕ್ಕು ಬೆಂಗಳೂರಿನವರೆಗೆ ತಲೆ ತಗ್ಗಿಸದೆ ನಡೆದು ಬರಬಹುದು. ಅಂಥ ಪೈಪು ತುಂಬಿ 77.5 ಕೋಟಿ ಲೀಟರ್ ಹರಿದರೆ ನೀರಿನ ವೇಗ ಗಂಟೆಗೆ ನಾಲ್ಕೂವರೆ ಕಿಲೋಮೀಟರ್. ಪಾರ್ಕಿನಲ್ಲಿ ಡಾಕ್ಟರು ಹೇಳಿದ್ದಾರೆಂದು ಬಿರಬಿರನೆ ನಡೆಯುವ ನಿವೃತ್ತರ ವೇಗ ಅದು. ನೂರು ಕಿಲೋಮೀಟರಿಗೆ ಇಪ್ಪತ್ತೆರಡು ಗಂಟೆ. ಪೈಪಿನಲ್ಲೇ ದಾರಿ ನಡೆಯುತ್ತಿರುವ ನೀರು ಯಾವ ಕ್ಷಣದಲ್ಲಿ ಅಳೆದರೂ 70 ಕೋಟಿ ಲೀಟರ್. ಒಂದು ಲಕ್ಷ ನಲವತ್ತು ಸಾವಿರ ಆನೆಗಳು, ಕತ್ತಲಲ್ಲಿ, ಸಾಲಾಗಿ, ಕನಕಪುರ ರಸ್ತೆಯ ದಿಕ್ಕಿನಲ್ಲಿ.

ಹಳೆಯ ಕಾಲದ ಅಂಕಿಗಳು ಇವುಗಳ ಮುಂದೆ ಉದ್ಧರಣೆಯಷ್ಟು. 1896ರಲ್ಲಿ ಹೆಸರಘಟ್ಟದಿಂದ ಮೊದಲ ಕೊಳವೆ ನೀರು ಬಂತು. ಹೆಸರಘಟ್ಟ ಕೈಕೊಟ್ಟಾಗ 1933ರಲ್ಲಿ ಮಾಗಡಿ ರಸ್ತೆಯ ಆಚೆ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂತು. ನಮ್ಮ ಕಡೆಯ ಪೈಪ್‌ಲೈನ್ ರೋಡಿನ ಹೆಸರು ಕೇಳಿದಾಗಲೆಲ್ಲ ಆ ಕಾಲ ಕಾಲಡಿಯಲ್ಲಿ ಗುಳುಗುಳು ಎಂದಂತಾಗುತ್ತದೆ. ಕಾವೇರಿ ಬಂದದ್ದು 1974ರಲ್ಲಿ, ದಿನಕ್ಕೆ 13.5 ಕೋಟಿ ಲೀಟರ್. ಊರು ಅದನ್ನು ಸಮುದ್ರವೆಂದುಕೊಂಡಿತ್ತು. ಐವತ್ತು ವರ್ಷದಲ್ಲಿ ಅದು ಹದಿನಾರೂವರೆ ಪಟ್ಟಾಯಿತು. ಹುಟ್ಟಿದಾಗ ಮೂರು ಕಿಲೋ ಇದ್ದ ಮಗು ಐವತ್ತಕ್ಕೆ ಐವತ್ತು ಕಿಲೋ ಆದ ಹಾಗೆ. ಅದರ ಬಾಯಾರಿಕೆ ಮಾತ್ರ ಹಾಗೇ ಇದೆ.

ಇಲ್ಲಿಯವರೆಗಿನದು ಬರೀ ತೂಕದ ಮಾತು. ನಾನು ನಿಜವಾಗಿ ಬೆಚ್ಚಿದ್ದು ಮುಂದಿನದಕ್ಕೆ. ಈ ನಾಲ್ಕೂವರೆ ಲಕ್ಷ ಆನೆಗಳನ್ನು ಹೊತ್ತು ತಂದರೆ ಸಾಲದು, ಮೀಯಿಸಬೇಕು. ಒಂದೊಂದನ್ನೂ, ದಿನಾ, ಕಿವಿಯ ಸಂದಿಯ ಮಣ್ಣೂ ಉಳಿಯದ ಹಾಗೆ. ಆಷಾಢದ ಕಾವೇರಿ ಕಾಫಿಯ ಬಣ್ಣಕ್ಕಿರುತ್ತದೆ. ಅದೇ ನೀರು ಟಿ.ಕೆ. ಹಳ್ಳಿಯ ಶುದ್ಧೀಕರಣ ಘಟಕದ ಇನ್ನೊಂದು ತುದಿಯಲ್ಲಿ ಲೋಟದ ತಳ ಕಾಣುವಂತೆ ಹೊರಬರಬೇಕು.

ಮೀಯಿಸುವ ಮೊದಲ ಹಂತದ್ದು ಕ್ಷೌರದಂಗಡಿಯ ಸಾಮಾನು. ಗಡ್ಡ ಕೆರೆದ ಮೇಲೆ ಉಜ್ಜುತ್ತಾರಲ್ಲ ಪಟಿಕ, ಅದರ ಕುಲದ್ದೇ ಒಂದು ಉಪ್ಪು ಕದಡಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ತಳಕ್ಕೆ ಇಳಿಸುತ್ತದೆ. ಲೀಟರಿಗೆ 20 ಮಿಲಿಗ್ರಾಂ ಎಂದು ಇಟ್ಟುಕೊಳ್ಳಿ, ಒಂದು ಚಿಟಿಕೆಗೂ ಕಡಿಮೆ. ಊರಿನ ನೀರಿಗೆ ದಿನಕ್ಕೆ 44.5 ಟನ್ ಆಯಿತು. ನೂರು ಗ್ರಾಮಿನ ಪಟಿಕದ ಬಿಲ್ಲೆಗಳಲ್ಲಿ ನಾಲ್ಕೂವರೆ ಲಕ್ಷ. ಆನೆಗೊಂದು ಬಿಲ್ಲೆ.

ಆಮೇಲೆ ಮರಳು. ಮರಳಿನ ಸೋಸುಕದಲ್ಲಿ ಕಣವೊಂದು ಸುಮಾರು ಅರ್ಧ ಮಿಲಿಮೀಟರ್, ಹಾಸಿನ ಆಳ ಎಪ್ಪತ್ತು ಸೆಂಟಿಮೀಟರ್, ನಮ್ಮ ತೊಡೆಯವರೆಗೆ. ನಮಗೆ ತೊಡೆಯವರೆಗೆ. ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಮೈಯುದ್ದ ಮಿಲಿಮೀಟರಿನ ಐನೂರನೇ ಒಂದು ಭಾಗ. ಅದನ್ನು ನಮ್ಮಷ್ಟು ಎತ್ತರಕ್ಕೆ ಬೆಳೆಸಿದರೆ ಒಂದೊಂದು ಮರಳಿನ ಕಣ 425 ಮೀಟರಿನ ಬೆಟ್ಟವಾಗುತ್ತದೆ. ಆ ಬೆಟ್ಟಗಳ ನಡುವೆ ತೂರಿ ಹಾಸನ್ನು ದಾಟುವ ದಾರಿ ಸುಮಾರು 600 ಕಿಲೋಮೀಟರ್. ಬೆಂಗಳೂರಿನಿಂದ ಹೆಚ್ಚೂಕಡಿಮೆ ಕಲಬುರಗಿ! ಸಾಮಾನ್ಯವಾಗಿ ಇಂಥ ಸೋಸುಕದಲ್ಲಿ ನೀರು ಗಂಟೆಗೆ ಐದು ಮೀಟರಿನಂತೆ ಇಳಿಯುವುದರಿಂದ ಈ ಯಾತ್ರೆಗೆ ಸಿಗುವ ಸಮಯ ಎಂಟೂವರೆ ನಿಮಿಷ. ಎಂಟೂವರೆ ನಿಮಿಷಕ್ಕೆ ಕಲಬುರಗಿ ಅಂದರೆ ಶಬ್ದದ ಮೂರು ಪಟ್ಟು ಮೀರಿದ ವೇಗ. ಬಸವ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಬೆನ್ನು ನೋಯಿಸಿಕೊಂಡವರು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ, ಈ ಪ್ರಯಾಣಿಕರಲ್ಲಿ ಬಹುಪಾಲು ದಾರಿಯಲ್ಲೇ ಸಿಕ್ಕಿಬೀಳುತ್ತಾರೆ.

ಇಡೀ ಊರಿನ ನೀರನ್ನು ಆ ವೇಗದಲ್ಲಿ ಸೋಸಲು ಎಷ್ಟು ಮರಳು ಬೇಕು? ಥರ್ಟಿ-ಫಾರ್ಟಿ ಸೈಟಿನ ಭಾಷೆಯಲ್ಲಿ ಹೇಳಿದರೆ 166 ಸೈಟಿನಷ್ಟು ಜಾಗ, ತೊಡೆಯಾಳ ಮರಳು. ಒಂದು ಸಣ್ಣ ಬಡಾವಣೆ. ಮನೆ ಕಟ್ಟುವಾಗ ಬಾಗಿಲ ಮುಂದೆ ಸುರಿದ ಮರಳಿನ ಗುಡ್ಡೆಯನ್ನು ನೆನಪಿಸಿಕೊಳ್ಳಿ, ಬೀದಿನಾಯಿ ಮಲಗುತ್ತಿದ್ದ ಗುಡ್ಡೆ. ಅದರಲ್ಲಿ ಒಂದು ಘನ ಮೀಟರ್ ತೆಗೆದರೆ, ಅರ್ಧ ಮಿಲಿಮೀಟರಿನ ಕಣಗಳಾದರೆ, 900 ಕೋಟಿ ದಾಟುತ್ತವೆ. ಭೂಮಿಯ ಮೇಲಿನ ಮನುಷ್ಯರಿಗೆಲ್ಲ ಒಂದೊಂದು ಕೊಟ್ಟರೂ ಮಿಗುತ್ತವೆ. 166 ಸೈಟಿನ ಮರಳಿನಲ್ಲಿ ಕಣಗಳು ಸುಮಾರು 120 ಲಕ್ಷ ಕೋಟಿ. ನಮ್ಮ ಆಕಾಶಗಂಗೆಯಲ್ಲಿ ನಕ್ಷತ್ರಗಳು ಹತ್ತು ಸಾವಿರ ಕೋಟಿಯಿಂದ ನಲವತ್ತು ಸಾವಿರ ಕೋಟಿ ಎನ್ನುತ್ತಾರೆ. ದೊಡ್ಡ ಅಂಕಿಯನ್ನೇ ಹಿಡಿದರೂ ಮುನ್ನೂರು ಆಕಾಶಗಂಗೆಗಳು. ಕಾವೇರಿಯನ್ನು ನಾವು ಮುನ್ನೂರು ಆಕಾಶಗಂಗೆಗಳಲ್ಲಿ ಸೋಸಿ ಕುಡಿಯುತ್ತಿದ್ದೇವೆ. ಕುಡಿದು, ನೀರು ಸಪ್ಪೆ ಎನ್ನುತ್ತೇವೆ.

ಇನ್ನು ಕ್ಲೋರಿನ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯನ್ನು ನಾವು ವ್ಯಂಗ್ಯಕ್ಕೆ ಬಳಸುತ್ತೇವೆ. ನೀರಿನ ವಿಷಯದಲ್ಲಿ ಆ ಅರೆಕಾಸೇ ಸಾಕಾಗುತ್ತದೆ. ಭಾರತೀಯ ಮಾನಕ ಬ್ಯೂರೋದ ಪ್ರಕಾರ ನಲ್ಲಿಯಲ್ಲಿ ಸಿಗುವ ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಐವತ್ತು ಲಕ್ಷ ಪಾಲು ನೀರಿಗೆ ಒಂದು ಪಾಲು. 2011ರ ಜನಗಣತಿಯ ಬೆಂಗಳೂರಿನಲ್ಲಿ 84 ಲಕ್ಷ ಜನ ಇದ್ದರು. ಈ ಪ್ರಮಾಣದಲ್ಲಿ ಪೊಲೀಸರನ್ನು ನೇಮಿಸಿದ್ದರೆ ಇಡೀ ಊರಿಗೆ ಇಬ್ಬರೂ ಸಿಗುತ್ತಿರಲಿಲ್ಲ. ಒಬ್ಬ ಪೂರ್ತಿ ಕಾನ್‌ಸ್ಟೆಬಲ್, ಇನ್ನೊಬ್ಬ ಮುಕ್ಕಾಲು ಭಾಗಕ್ಕಿಂತ ಕಡಿಮೆ. ಕೆಂಗೇರಿಯಿಂದ ಕೆ.ಆರ್. ಪುರದವರೆಗೆ ಅವರದೇ ಗಸ್ತು, ಆದರೂ ಒಂದು ಕಳ್ಳತನವೂ ಆಗಬಾರದು.

ನಾಲ್ಕು ಲಕ್ಷ 45 ಸಾವಿರ ಆನೆ ತೂಕದ ನೀರಿನಲ್ಲಿ ನಲ್ಲಿಯ ಬಾಯಿಗೆ ಬರುವಾಗ ಇರಲೇಬೇಕಾದ ಕ್ಲೋರಿನ್ನನ್ನೆಲ್ಲ ಒಟ್ಟುಗೂಡಿಸಿ ತೂಗಿದರೆ 445 ಕಿಲೋ. ಅಂಬಾರಿಯೇ 750 ಕಿಲೋ ಇದೆ! ದಾರಿಯಲ್ಲಿ ಖರ್ಚಾಗುವುದನ್ನೂ ಸೇರಿಸಿ ಲೀಟರಿಗೆ 2 ಮಿಲಿಗ್ರಾಂ ಹಾಕಿದರೆಂದರೂ ದಿನಕ್ಕೆ ನಾಲ್ಕೂವರೆ ಟನ್, ಒಂದು ಆನೆಗೆ ಸ್ವಲ್ಪ ಕಡಿಮೆ. ನಾಲ್ಕೂವರೆ ಲಕ್ಷ ಆನೆಗಳನ್ನು ಒಂದು ಆನೆ ಕಾಯುತ್ತದೆ. ಆ ಒಂದು ಆನೆ ಬಡಪಾಯಿ ಅಲ್ಲ. ನಿಮ್ಮ ಕೈಯಲ್ಲಿರುವ ಒಂದು ಲೀಟರಿನ ಚೊಂಬನ್ನೇ ನೋಡಿ. 0.2 ಮಿಲಿಗ್ರಾಂ ಕ್ಲೋರಿನ್ ಅಂದರೆ 17 ಸಾವಿರ ಕೋಟಿ ಕೋಟಿ ಅಣುಗಳು. ಲೋಕದ ಪ್ರತಿ ಮನುಷ್ಯನ ಹಿಂದೆ ಇಪ್ಪತ್ತು ಕೋಟಿ ಕಾವಲುಗಾರರು. ಅದೂ ಒಂದೇ ಚೊಂಬಿನಲ್ಲಿ. ಇಬ್ಬರೇ ಪೊಲೀಸರೆಂದು ಈಗಷ್ಟೇ ನಕ್ಕವರು ಚೊಂಬಿಗೊಂದು ನಮಸ್ಕಾರ ಹಾಕಿ.

ಕಾವಲು ಯಾರ ವಿರುದ್ಧ ಎಂದು ಕೇಳಿದರೆ ಉತ್ತರ ಇನ್ನೂ ಭಯಂಕರ. ಒಂದೇ ಒಂದು ಇ. ಕೋಲಿ ತಪ್ಪಿಸಿಕೊಂಡಿತೆನ್ನಿ. ತೂಕ ಗ್ರಾಮಿನ ಒಂದು ಲಕ್ಷ ಕೋಟಿಯ ಒಂದು ಭಾಗ. ಊಟ, ಬೆಚ್ಚನೆ ಜಾಗ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಚದುರಂಗದ ಮಣೆಯ ಮನೆಮನೆಗೂ ಅಕ್ಕಿಕಾಳು ಇಮ್ಮಡಿಸಿದ ಕಥೆ ಗೊತ್ತಲ್ಲ, ಅದೇ ಲೆಕ್ಕ. ಸತತ ಇಪ್ಪತ್ನಾಲ್ಕು ಗಂಟೆ ಊಟ ಸಿಕ್ಕಿದರೆ 47ರ ಮುಂದೆ 20 ಸೊನ್ನೆ. ತೂಕ 4,700 ಟನ್, 940 ಆನೆ. ಹೀಗೇ ನಲವತ್ನಾಲ್ಕು ಗಂಟೆ ಬಿಟ್ಟರೆ ಅದರ ಸಂತಾನ ತೂಕದಲ್ಲಿ ಭೂಮಿಗೆ ಸರಿಸಮ. ನಮ್ಮ ಬೀದಿಗೆ ನೀರು ಬಿಡುವುದು ದಿನ ಬಿಟ್ಟು ದಿನ, ಅಂದರೆ ನಲವತ್ತೆಂಟು ಗಂಟೆಗೊಮ್ಮೆ. ಒಂದು ಸಲ ನಲ್ಲಿ ನಿಂತು ಇನ್ನೊಂದು ಸಲ ಬರುವಷ್ಟರಲ್ಲಿ ಆ ಒಂದು ಹುಳುವಿನ ವಂಶ ಹನ್ನೊಂದು ಗುರುಗ್ರಹಗಳನ್ನು ತೂಕದಲ್ಲಿ ಮೀರಿಸುತ್ತದೆ! ಊಟ ಸಾಲದೆ ಅದು ಮೊದಲ ಮೊದಲಲ್ಲೇ ನಿಲ್ಲುತ್ತದೆಂಬುದು ಬೇರೆ ಮಾತು. ಆದರೆ ಮನುಷ್ಯರ ಕರುಳಿನಲ್ಲಿ ಊಟಕ್ಕೆ ಬರವಿಲ್ಲ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಬೀದಿಯ ಒಂದೇ ಒಂದು ಕೈಪಂಪಿನ ನೀರು ಕೆಟ್ಟದ್ದಕ್ಕೆ ಕಾಲರಾ ಬಡಿದು ಸತ್ತವರು 616 ಜನ. ಊರಿನ ನೀರಿಗೆ ದಿನವೂ ಕ್ಲೋರಿನ್ ಬೆರೆಸುವ ಅಭ್ಯಾಸ ಅಮೆರಿಕದಲ್ಲಿ ಮೊದಲು ನೆಲೆಯಾದದ್ದು ಜೆರ್ಸಿ ಸಿಟಿಯಲ್ಲಿ, 1908ರಲ್ಲಿ. ಅಷ್ಟು ಹೊತ್ತಿಗೆ ಹೆಸರಘಟ್ಟದ ಪೈಪಿಗೆ ಹನ್ನೆರಡು ವರ್ಷ ತುಂಬಿತ್ತು.

ಹಾಗಾಗಿ ಮಾನದಂಡದಲ್ಲಿ ಇ. ಕೋಲಿಗೆ ಬರೆದಿರುವ ಅಂಕಿ ಸೊನ್ನೆ. ಯಾವುದೇ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. 100 ಮಿಲಿಲೀಟರ್ ಅಂದರೆ ದರ್ಶಿನಿಯ ಕಾಫಿ ಲೋಟದಷ್ಟು. ಊರಿನ ಒಂದು ದಿನದ ನೀರಿನಲ್ಲಿ ಅಂಥ ಲೋಟಗಳು 2,225 ಕೋಟಿ. ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಎರಡೆರಡು ಕೊಟ್ಟು, ಬೇಕೆಂದವರಿಗೆ ಮೂರನೆಯದನ್ನೂ ಕೊಡಬಹುದು. ಅಷ್ಟರಲ್ಲಿ ಯಾವ ಲೋಟ ಎತ್ತಿದರೂ ಸೊನ್ನೆ ಇರಬೇಕು, ನಾಳೆ ಇನ್ನೊಂದು 2,225 ಕೋಟಿ ಲೋಟಕ್ಕೂ ಸೊನ್ನೆ. ಆನೆ, ಎವರೆಸ್ಟ್, ಗುರುಗ್ರಹ ಎಲ್ಲವನ್ನೂ ನಾನು ಒಂದು ತಕ್ಕಡಿಯಲ್ಲಿ ಹಾಕಿ ನೋಡಿದ್ದೇನೆ. ಈ ಲೇಖನದ ಅತಿ ದೊಡ್ಡ ಅಂಕಿ ಇದೇ ಸೊನ್ನೆ ಎಂದು ನನ್ನ ಅನುಮಾನ.

ಇಷ್ಟಕ್ಕೆಲ್ಲ ಬೆಲೆ ಎಷ್ಟಿದ್ದೀತು? 2014ರಿಂದ 2025ರ ಏಪ್ರಿಲಿನವರೆಗೆ ಮನೆಗಳ ಮೊದಲ 8,000 ಲೀಟರಿಗೆ ಜಲಮಂಡಳಿ ಹಾಕುತ್ತಿದ್ದ ನೀರಿನ ದರ ಸಾವಿರ ಲೀಟರಿಗೆ 7 ರೂಪಾಯಿ. ಲೀಟರಿಗೆ ಮುಕ್ಕಾಲು ಪೈಸೆಯೂ ಇಲ್ಲ. ಎರಡು ಜೋಗ ಹತ್ತಿಸಿ, ಮುನ್ನೂರು ಆಕಾಶಗಂಗೆಯಲ್ಲಿ ಸೋಸಿ, ಇಪ್ಪತ್ತು ಕೋಟಿ ಕಾವಲಿಟ್ಟು, ಮುಕ್ಕಾಲು ಪೈಸೆಗೆ ಕಡಿಮೆ! ನಮ್ಮ ಸಂಪಿನ ಆನೆಗೆ ಮೂವತ್ತೈದು ರೂಪಾಯಿ, ಒಂದು ಆಟೋ ಹತ್ತಿ ಇಳಿಯುವುದಕ್ಕೂ ಸಾಲದ ದುಡ್ಡು. 2025ರಲ್ಲಿ ದರ ಏರಿತು, ಊರೆಲ್ಲ ಗೊಣಗಿತು. ಏರಿದ ಮೇಲೂ ಆ ಮೊದಲ 8,000 ಲೀಟರಿನ ದರ ಲೀಟರಿಗೆ ಒಂದು ಪೈಸೆ ಮುಟ್ಟಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ಒಂದು ಬಾಟಲಿ ಕೊಳ್ಳುತ್ತಿದ್ದವನು ಹಳೇ ದರದಲ್ಲಿ 2,857 ಲೀಟರಿನ ದುಡ್ಡು ಕೊಟ್ಟಿರುತ್ತಿದ್ದ. ಬಾಟಲಿ ಕೈಯಲ್ಲಿ, ನೂರ ತೊಂಬತ್ತು ಕೊಡ ಲೆಕ್ಕದಲ್ಲಿ. 2024ರ ಮಾರ್ಚಿನ ಬರಗಾಲದಲ್ಲಿ 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ ಸಾವಿರ ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ಅದೇ 12,000 ಲೀಟರ್ ನಲ್ಲಿಯಲ್ಲಿ ಬಂದಿದ್ದರೆ, 8,000 ದಾಟಿದ್ದಕ್ಕೆ ಬೀಳುವ ಹೆಚ್ಚಿನ ದರವೂ ಸೇರಿ, ನೂರು ರೂಪಾಯಿ. ಅದೇ ತಿಂಗಳು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂಬ ಆದೇಶವೂ ಬಂತು. ಆಗಿನ ಆ ಏಳು ರೂಪಾಯಿ ದರದಲ್ಲಿ 5,000 ರೂಪಾಯಿಗೆ 7 ಲಕ್ಷ 14 ಸಾವಿರ ಲೀಟರ್ ನೀರು ಬರುತ್ತಿತ್ತು. ಎರಡು ಬಕೆಟ್ ಚೆಲ್ಲಿದ್ದಕ್ಕೆ ನೂರನಲವತ್ತೆರಡು ಆನೆ ದಂಡ.

ಅಷ್ಟು ಕಟ್ಟುನಿಟ್ಟಿನ ಊರಿನಲ್ಲಿ ಪೈಪಿನ ಬಿರುಕು, ಕಳ್ಳ ಸಂಪರ್ಕ, ಕೆಟ್ಟ ಮೀಟರುಗಳ ನಡುವೆ ಲೆಕ್ಕಕ್ಕೆ ಸಿಗದೆ ಹೋಗುವ ನೀರನ್ನು ಕಾಲು ಭಾಗ ಎಂದು ಕಡಿಮೆ ಮಾಡಿಯೇ ಹಿಡಿಯೋಣ. ಸೆಕೆಂಡಿಗೊಂದು ಆನೆ, ಮೇಲೆ ಸೊಂಡಿಲು. ದಿನಕ್ಕೆ 1 ಲಕ್ಷ 11 ಸಾವಿರ ಆನೆಗಳು ಬೆಂಗಳೂರಿನ ನೆಲದಡಿ ಕಾಣೆಯಾಗುತ್ತವೆ. ಆನೆ ಕಳೆದುಕೊಂಡವನು ಗಡಿಗೆಯಲ್ಲಿ ಹುಡುಕಿದ ಎಂದು ಹಳಬರು ನಗುತ್ತಿದ್ದರು. ನಮ್ಮ ವಿಷಯದಲ್ಲಿ ಅದೇ ಸರಿಯಾದ ಜಾಗ, 3 ಕೋಟಿ 70 ಲಕ್ಷ ಗಡಿಗೆಗಳಲ್ಲಿ ಹುಡುಕಬೇಕು ಅಷ್ಟೆ.

ಮನೆಗೆ ಬಂದು ಮುಟ್ಟಿದ್ದಾದರೂ ಉಳಿಯುತ್ತದೆಯೇ? ಐದು ಪಾಲಿನಲ್ಲಿ ನಾಲ್ಕು ಪಾಲು ಬಚ್ಚಲಿಗೆ ಇಳಿದು ಹೋಗುತ್ತದೆಂಬುದು ಎಂಜಿನಿಯರುಗಳ ಲೆಕ್ಕ. ನಮ್ಮ ಸಂಪಿನ ಆನೆಯ ನಾಲ್ಕು ಟನ್ ವೃಷಭಾವತಿಯ ದಾರಿ ಹಿಡಿಯುತ್ತದೆ. ನಾಯಂಡಹಳ್ಳಿ, ಕೆಂಗೇರಿ ಹಾದು, ಮೈಸೂರು ರಸ್ತೆಯ ಬಸ್ಸಿನವರೆಲ್ಲ ಕಿಟಕಿ ಮುಚ್ಚುವಂತೆ ಮಾಡಿ, ಬೈರಮಂಗಲದಲ್ಲಿ ತಂಗಿ, ಅರ್ಕಾವತಿಗೆ ಸೇರಿ, ಕನಕಪುರದಾಚೆ ಸಂಗಮದಲ್ಲಿ ಮತ್ತೆ ಕಾವೇರಿ. ಎರಡು ಜೋಗ ಹತ್ತಿ ಬಂದದ್ದು, ಒಂದು ಸಲ ಪಾತ್ರೆ ತೊಳೆದು, ಇಳಿದು ಹೋಯಿತು. ಸಂಗಮ ಇರುವುದು ಶಿವನಸಮುದ್ರದಿಂದ ಕೆಳಗೆ. ಪುಣ್ಯ, ನಾವು ತೊಳೆದದ್ದನ್ನು ನಾವೇ ಮತ್ತೆ ಎತ್ತಿ ತರುವುದಿಲ್ಲ.

ಇಷ್ಟನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಚುತ್ತಿದ್ದ ಬೆಳಗ್ಗೆ ನಮ್ಮ ಬೀದಿಯ ಸರದಿ. ನಾಲ್ಕೂವರೆಗೆ ನಲ್ಲಿ ಬುಸ್ಸೆಂದು ಗಾಳಿ ಬಿಟ್ಟು, ಕೆಮ್ಮಿ, ನೀರು ಬಂತು. ನಾನು ಗುರುಗ್ರಹದ ತೂಕಕ್ಕೆ ಸೊನ್ನೆ ಎಣಿಸುತ್ತಿದ್ದೆ. ಹೊರಗಿನಿಂದ ಹೆಂಡತಿಯ ದನಿ.

"ರೀ, ಸಂಪು ತುಂಬಿ ರಸ್ತೆಗೆ ಹೋಗ್ತಾ ಇದೆ. ವಾಲ್ವ್ ತಿರುಗಿಸೋದು ಬಿಟ್ಟು ಒಳಗೇನು ಮಾಡ್ತಿದೀರಿ?"

ಓಡಿ ಹೋಗಿ ತಿರುಗಿಸಿದೆ. ರಂಗೋಲಿ ಅಳಿಸಿ ಹೋಗಿತ್ತು, ಪಕ್ಕದ ಮನೆ ಅಜ್ಜಿಯ ಗೇಟಿನವರೆಗೆ ಒದ್ದೆ. ಹೆಚ್ಚೆಂದರೆ ಇನ್ನೂರು ಲೀಟರ್ ಹೋಗಿರಬಹುದು, ಒಂದೂವರೆ ರೂಪಾಯಿಯದು. ಹದಿಮೂರು ಕೊಡ. ಒಂದೊಂದಕ್ಕೂ 165 ಮಹಡಿ. ಅಷ್ಟು ದೂರ ಹೆಂಡತಿಗೆ ವಿವರಿಸುವ ಧೈರ್ಯ ಬರಲಿಲ್ಲ. ಆನೆಯ ಇಪ್ಪತ್ತೈದನೇ ಒಂದು ಭಾಗ ಅಷ್ಟೇ ಕಣೇ, ಬಾಲ ಅಂದುಕೋ, ಎಂದೆ.